ಅಚ್ಚಿಗೆ ಹೋಗುವ ಮುನ್ನ ಆರು ಮಂದಿ ಓದಲಿ

ಮಾನ್ಯ ಸಂಪಾದಕರೇ,

ಭಾನುವಾರ ಬಂತೆಂದರೆ ನಿಮ್ಮ ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಅಂಕಣದಲ್ಲಿ ಹುಬ್ಬಳ್ಳಿ-ಧಾರವಾಡದ ಒಂದಾದರೂ ಪುಸ್ತಕ ಬಿಡುಗಡೆ, ಒಂದಾದರೂ ಕವಿಗೋಷ್ಠಿ ಇರುತ್ತದೆ. ಗದಗ, ಹಾವೇರಿಯ ಸುದ್ದಿಯಲ್ಲೂ ಹಾಗೆಯೇ. ನೋಡಿದರೆ ಸಂತೋಷವಾಗುತ್ತದೆ. ಆದರೆ ಆ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಕುಳಿತು ಓದಿ, ಇಲ್ಲಿ ಎಡವಿದೆ, ಇಲ್ಲಿ ಹಿಡಿದಿದೆ ಎಂದು ಲೇಖಕರಿಗೆ ಹೇಳಿದವರು ಎಷ್ಟು ಮಂದಿ? ಬಹಳಷ್ಟು ಸಲ ಬರೆದವರನ್ನು ಬಿಟ್ಟರೆ ಅದನ್ನು ಪೂರ್ತಿ ನೋಡಿದವರು ಡಿಟಿಪಿ ಮಾಡಿದವರೊಬ್ಬರೇ. ಮುನ್ನುಡಿ ಬರೆಯುವ ಹಿರಿಯರ ಕೈಗೆ ಹೋಗುವುದು ಪುಟ ಕಟ್ಟಿದ ಪ್ರತಿ. ಆಗ ಒಂದು ಪ್ಯಾರಾ ತೆಗೆದರೂ ಮುಂದಿನ ಪುಟಗಳೆಲ್ಲ ಜರುಗುತ್ತವೆ, ಪರಿವಿಡಿ ತಿದ್ದಬೇಕಾಗುತ್ತದೆ, ಬಿಡುಗಡೆಯ ತಾರೀಖು ಆಗಲೇ ಗೊತ್ತಾಗಿರುತ್ತದೆ. ಹಿರಿಯರಿಗೂ ಇದು ತಿಳಿದಿರುವುದರಿಂದ ನಾಲ್ಕು ಒಳ್ಳೆಯ ಮಾತು ಬರೆದು ಕೊಡುತ್ತಾರೆ. ವಿಮರ್ಶೆ ಬಂದರೆ ಬರುವುದು ಇನ್ನೂ ತಿಂಗಳುಗಳ ಮೇಲೆ, ಅದರಿಂದ ಆ ಪುಸ್ತಕದ ಒಂದಕ್ಷರವೂ ಬದಲಾಗುವುದಿಲ್ಲ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಪ್ರತಿ ತಾಲ್ಲೂಕಿನಲ್ಲಿ ಒಂದಾದರೂ ‘ಕರಡು ಓದು’ ಗುಂಪು ಬೇಕು. ಬರೆಯುವವರೇ ಕೂಡಿ, ಒಬ್ಬರ ಹಸ್ತಪ್ರತಿಯನ್ನು ಇನ್ನೊಬ್ಬರು ಓದಿಕೊಂಡು ಬಂದು, ಎದುರುಬದುರು ಕುಳಿತು ಮಾತಾಡುವ ಗುಂಪು. ಈ ನೆಲಕ್ಕೆ ಇದು ಹೊಸದೂ ಅಲ್ಲ. ಬೇಂದ್ರೆಯವರು ಧಾರವಾಡದಲ್ಲಿ ಗೆಳೆಯರ ಗುಂಪು ಕಟ್ಟಿದ್ದು 1922ರಲ್ಲಿ. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಅಟ್ಟ ಸಾಹಿತಿಗಳು ಸೇರುವ ಜಾಗವೆಂದೇ ಹೆಸರಾಯಿತು. ಅಂಥ ದೊಡ್ಡವರನ್ನು ನೆನೆದು ಅಂಜಬೇಕಾಗಿಲ್ಲ. ಓದುವ ಮನಸ್ಸಿರುವ ಆರು ಮಂದಿ ಸಾಕು.

ಆರು ಎಂಬುದನ್ನು ಸುಮ್ಮನೆ ಹೇಳುತ್ತಿಲ್ಲ. ಒಂದು ಬೈಠಕ್ಕಿಗೆ ಎರಡು ಹಸ್ತಪ್ರತಿ, ಹದಿನೈದು ದಿನಕ್ಕೊಂದು ಬೈಠಕ್ ಎಂದಿಟ್ಟುಕೊಂಡರೆ ಆರು ಮಂದಿಯಲ್ಲಿ ಪ್ರತಿಯೊಬ್ಬರ ಸರದಿ ಆರು ವಾರಕ್ಕೊಮ್ಮೆ ಬರುತ್ತದೆ. ಒಂದು ಕಥೆ ತಿದ್ದಿ ಇನ್ನೊಂದು ಬರೆಯಲು ಅಷ್ಟು ದಿನ ಬೇಕು, ಅಷ್ಟೇ ಸಾಕು. ಹತ್ತು ಮಂದಿಯಾದರೆ ಸರದಿ ಎರಡೂವರೆ ತಿಂಗಳಿಗೆ ಹೋಗುತ್ತದೆ. ತನ್ನದು ಬರುವತನಕ ಬರೀ ಬೇರೆಯವರದನ್ನೇ ಓದಿ ಬೇಸತ್ತು ಜನ ಬಿಡುತ್ತಾರೆ. ಮೂರೇ ಮಂದಿಯಾದರೆ ಒಬ್ಬರು ಊರಿಗೆ ಹೋದ ದಿನ ಬೈಠಕ್ಕೇ ಇಲ್ಲ. ಏಳರವರೆಗೆ ನಡೆಯುತ್ತದೆ. ಎಂಟನೆಯವರು ಬಂದರೆ ಅವರನ್ನು ತಿರುಗಿ ಕಳಿಸಬೇಡಿ, ಎರಡನೇ ಗುಂಪು ಕಟ್ಟಲು ಇನ್ನೂ ಮೂವರನ್ನು ಹುಡುಕಿಕೊಡಿ.

ಸೇರುವ ಮೊದಲ ದಿನವೇ ಮೂರು ತಿಂಗಳ ಸರದಿ ಬರೆದು ಹಂಚಬೇಕು. ಇದನ್ನು ಬಿಟ್ಟ ಗುಂಪುಗಳೇ ಬೇಗ ಒಡೆಯುವುದು. ಸರದಿ ಇಲ್ಲದಿದ್ದರೆ ಚುರುಕಾಗಿ ಬರೆಯುವ ಇಬ್ಬರು ಪ್ರತಿ ಸಲವೂ ತಮ್ಮದನ್ನೇ ತರುತ್ತಾರೆ, ಸಂಕೋಚದವರು ‘ಇನ್ನೂ ಮುಗಿದಿಲ್ಲ’ ಎನ್ನುತ್ತಲೇ ಇರುತ್ತಾರೆ. ತಾರೀಖು ಎದುರಿಗಿದ್ದರೆ ಅವರೂ ಮುಗಿಸುತ್ತಾರೆ. ಮುಂಗಾರು ಬಿತ್ತನೆಗೆ ಮತ್ತು ಸುಗ್ಗಿಗೆ ಒಕ್ಕಲುತನದ ಮನೆಯವರಿಗೆ ಬಿಡುವಿರುವುದಿಲ್ಲ. ಅವರ ಸರದಿಯನ್ನು ಆ ವಾರಗಳಲ್ಲಿ ಹಾಕಬಾರದು.

ಹಸ್ತಪ್ರತಿಗೆ ಮಿತಿ ಬೇಕು. ಕಥೆಯಾದರೆ 3,000 ಪದ, ಕವಿತೆಯಾದರೆ ಮೂರು, ಪ್ರಬಂಧವಾದರೆ 2,000 ಪದ. ಅದು ಬೈಠಕ್ಕಿಗೆ ಏಳು ದಿನ ಮೊದಲೇ ಎಲ್ಲರ ಕೈ ಸೇರಬೇಕು, ಏಕೆಂದರೆ ಪ್ರತಿಯೊಬ್ಬರೂ ಎರಡು ಸಲ ಓದಬೇಕು: ಮೊದಲ ಸಲ ಪೆನ್ನು ಹಿಡಿಯದೆ, ಸಾಮಾನ್ಯ ಓದುಗರಂತೆ. ಎರಡನೇ ಸಲ ಪೆನ್ನು ಹಿಡಿದು. ಹಿಂದಿನ ರಾತ್ರಿ ಒಂದೇ ಸಲ ಓದಿ ಬಂದವರ ಮಾತು ಮೊದಲ ಎರಡು ಪುಟಗಳ ಮೇಲೆಯೇ ತಿರುಗುತ್ತಿರುತ್ತದೆ, ಕಥೆಯ ಕೊನೆಯ ಬಗ್ಗೆ ಅವರಲ್ಲಿ ಏನೂ ಇರುವುದಿಲ್ಲ.

ಅಕ್ಷರ 14 ಪಾಯಿಂಟ್, ಸಾಲಿನ ಅಂತರ ಒಂದೂವರೆ, ಎಡಕ್ಕೆ ಎರಡು ಇಂಚು ಅಂಚು. ಹೀಗೆ ಇಟ್ಟರೆ 3,000 ಪದ ಎ4 ಹಾಳೆಯಲ್ಲಿ ಸುಮಾರು 12 ಪುಟ. ಐದು ಪ್ರತಿಗೆ 60 ಪುಟ. ಜೆರಾಕ್ಸಿಗೆ ಪುಟಕ್ಕೆ 2 ರೂಪಾಯಿ ಹಿಡಿದರೂ 120 ರೂಪಾಯಿ, ಅದೂ ಆರು ವಾರಕ್ಕೊಮ್ಮೆ. ಪುಟಸಂಖ್ಯೆಯ ಜೊತೆ ಸಾಲಿನ ಸಂಖ್ಯೆಯೂ ಇರಲಿ. ವರ್ಡ್‌ನಲ್ಲಿ ಲೇಔಟ್ ಪಟ್ಟಿಯೊಳಗೆ ಲೈನ್ ನಂಬರ್ಸ್ ಎಂದಿದೆ, ಪ್ರತಿ ಪುಟಕ್ಕೂ ಹೊಸದಾಗಿ ಎಣಿಸುವಂತೆ ಅಲ್ಲಿಯೇ ಹೇಳಬಹುದು. ಸಾಲಿನ ಸಂಖ್ಯೆ ಇಲ್ಲದಿದ್ದರೆ ‘ಆ ಮದುವಿ ಬರ್ತದಲ್ಲಾ, ಅದರ ಮುಂದ ಸ್ವಲ್ಪ ಕೆಳಗ’ ಎಂದು ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ.

ಫೋನಿಗೆ ಕಳಿಸುವವರು ಒಂದು ಎಚ್ಚರ ವಹಿಸಬೇಕು. ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತ ಬೇರೆಯವರ ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಅಕ್ಷರವಿನ್ಯಾಸ ಸಮೇತ ಉಳಿಯುವ ಪಿಡಿಎಫ್ ಮಾಡಿ ಕಳಿಸಿ, ಇಲ್ಲವೇ ಯೂನಿಕೋಡಿಗೆ ಬದಲಾಯಿಸಿ. ಬದಲಾಯಿಸಿದರೆ ಒಮ್ಮೆ ಕಣ್ಣಾಡಿಸಲೇಬೇಕು, ಅರ್ಕಾವತ್ತು ಮತ್ತು ಒತ್ತಕ್ಷರ ಅಲ್ಲಲ್ಲಿ ಕೆಟ್ಟಿರುತ್ತವೆ. ಓದುಗರು ಅದನ್ನು ನಿಮ್ಮ ತಪ್ಪೆಂದೇ ತಿಳಿಯುತ್ತಾರೆ.

ಬೈಠಕ್ಕಿಗೆ ಎರಡು ತಾಸು. ಒಂದು ಹಸ್ತಪ್ರತಿಗೆ 50 ನಿಮಿಷ, ನಡುವೆ ಚಹಾಕ್ಕೆ ಹತ್ತು, ಶುರುವಿನ ಕ್ಷೇಮ ಸಮಾಚಾರಕ್ಕೆ ಹತ್ತು. ಒಬ್ಬರು ನಡೆಸುವವರು, ಒಬ್ಬರು ಗಡಿಯಾರ ನೋಡುವವರು. ಈ ಎರಡೂ ಕೆಲಸ ಪ್ರತಿ ಸಲ ಬೇರೆಯವರ ಕೈಗೆ ಹೋಗಬೇಕು. ಒಬ್ಬರೇ ಖಾಯಂ ಆಗಿ ನಡೆಸಿದರೆ ಅವರ ಅಭಿರುಚಿಯೇ ಗುಂಪಿನ ಅಭಿರುಚಿಯಾಗುತ್ತದೆ, ಅವರಿಗೆ ವರ್ಗವಾದ ದಿನ ಗುಂಪೂ ಮುಗಿಯುತ್ತದೆ.

ಆ 50 ನಿಮಿಷ ಹೀಗೆ ಸಾಗಲಿ. ಬರೆದವರು ಒಂದು ಪುಟ ಗಟ್ಟಿಯಾಗಿ ಓದುತ್ತಾರೆ, ಮೂರು ನಿಮಿಷ. ಅದರ ದನಿ ಎಲ್ಲರ ಕಿವಿಗೆ ಬೀಳಲೆಂದು ಅಷ್ಟೇ. ಪೂರ್ತಿ ಓದಲು ಬಿಡಬೇಡಿ, ಚೆನ್ನಾಗಿ ಓದುವವರ ದನಿ ಬರಹದ ದೋಷ ಮುಚ್ಚುತ್ತದೆ. ‘ಇದನ್ನ ಯಾಕ ಬರದೆ ಅಂದ್ರ’ ಎಂಬ ಪೀಠಿಕೆಯೂ ಬೇಡ. ಆಮೇಲೆ ಮೊದಲ ಸುತ್ತು, ಐದು ಮಂದಿಗೆ ಐದು ನಿಮಿಷ. ಪ್ರತಿಯೊಬ್ಬರೂ ಎರಡೇ ವಾಕ್ಯದಲ್ಲಿ ಕಥೆಯಲ್ಲಿ ಏನಾಯಿತೆಂದು ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತೇ ಇಲ್ಲ.

ಈ ಸುತ್ತನ್ನು ಹೊಸ ಗುಂಪುಗಳು ‘ಎಲ್ಲಾರೂ ಓದೇವಲ್ಲಾ’ ಎಂದು ಬಿಟ್ಟುಬಿಡುತ್ತವೆ. ಬಿಡಬಾರದು, ಅತಿ ಹೆಚ್ಚು ಉಪಯೋಗವಾಗುವುದು ಇದರಿಂದಲೇ. ಹೊಲ ಮಾರಿದ್ದು ತಮ್ಮ ಎಂದು ಲೇಖಕರು ಬರೆದಿದ್ದಾರೆ, ಆದರೆ ಐವರಲ್ಲಿ ಮೂವರು ‘ಅಣ್ಣ ಹೊಲ ಮಾರಿದ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಕಾರಣ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಕನ್ನಡದ ಒಂದು ಗುಣ: ನಾವು ಕರ್ತೃಪದ ಬಿಟ್ಟು ‘ಹೋದ’, ‘ಕೊಟ್ಟ’, ‘ಸುಮ್ಮನಾದ’ ಎಂದು ಬರೆಯುತ್ತಾ ಹೋಗುತ್ತೇವೆ. ಒಂದೇ ಸನ್ನಿವೇಶದಲ್ಲಿ ಇಬ್ಬರು ಗಂಡಸರಿದ್ದರೆ ನಾಲ್ಕನೇ ವಾಕ್ಯಕ್ಕೆ ಯಾರು ಹೋದ, ಯಾರು ಕೊಟ್ಟ ಎಂಬುದು ಬರೆದವರ ತಲೆಯಲ್ಲಿ ಮಾತ್ರ ಉಳಿದಿರುತ್ತದೆ. ಇದನ್ನು ಬರೆದವರು ತಾವಾಗಿ ಎಷ್ಟು ಸಲ ಓದಿದರೂ ಕಾಣುವುದಿಲ್ಲ. ಐದು ಮಂದಿ ಎರಡೆರಡು ವಾಕ್ಯ ಹೇಳಿದರೆ ಐದು ನಿಮಿಷದಲ್ಲಿ ಕಾಣುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ.

ಎರಡನೇ ಸುತ್ತಿಗೆ ತಲೆಗೆ ನಾಲ್ಕು ನಿಮಿಷದಂತೆ ಇಪ್ಪತ್ತು ನಿಮಿಷ. ಎಲ್ಲಿ ಹಿಡಿಯಿತು, ಎಲ್ಲಿ ಜಾರಿತು ಎಂದು ಪುಟ, ಸಾಲು ತೋರಿಸಿ ಹೇಳಬೇಕು. ‘ಭಾಳ ಚಲೋ ಐತ್ರಿ’ ಎಂಬುದರಿಂದ ಬರೆದವರಿಗೆ ಏನೂ ಸಿಗದು. ‘4ನೇ ಪುಟದ 12ನೇ ಸಾಲಿನಲ್ಲಿ ಅವ್ವ ಟ್ರಂಕು ತೆರೆಯುವಾಗ ಕಾತರ ಹುಟ್ಟಬೇಕಿತ್ತು, ಹುಟ್ಟಲಿಲ್ಲ, ಏಕೆಂದರೆ ಟ್ರಂಕಿನಲ್ಲಿ ಏನಿದೆ ಎಂದು 2ನೇ ಪುಟದಲ್ಲೇ ಹೇಳಿಯಾಗಿದೆ’ ಎಂದರೆ ಬರೆದವರು ಮನೆಗೆ ಹೋಗಿ ಅಂದೇ ಕೆಲಸ ಮಾಡಬಹುದು. ಓದುಗರು ತೊಂದರೆ ಎಲ್ಲಿದೆ ಎಂದು ತೋರಿಸಬೇಕು. ‘ನಾನಾಗಿದ್ರ ಹಿಂಗ ಬರೀತಿದ್ದೆ’ ಎಂಬ ಮಾತು ಬಂದೊಡನೆ ನಡೆಸುವವರು ತಡೆಯಬೇಕು. ಅಲ್ಲಿಂದ ಮುಂದಕ್ಕೆ ಚರ್ಚೆ ಎದುರಿಗಿರುವ ಕಥೆಯದ್ದಲ್ಲ, ಹೇಳುವವರು ಬರೆಯದೆ ಉಳಿಸಿದ ಕಥೆಯದ್ದು. ಐವರಲ್ಲಿ ಒಬ್ಬರು ಎಡವಿದ ಜಾಗ ಅವರ ರುಚಿಯ ಪ್ರಶ್ನೆಯಿರಬಹುದು. ಮೂವರು ಅದೇ ಜಾಗದಲ್ಲಿ ಎಡವಿದ್ದರೆ ಆ ಜಾಗದಲ್ಲಿ ಕಲ್ಲಿದೆ, ಅದನ್ನು ತೆಗೆಯಲು ಆ ಮೂವರೂ ಹೇಳುವ ಉಪಾಯ ತಪ್ಪಾಗಿದ್ದರೂ ಸಹ.

ಈ ಎರಡೂ ಸುತ್ತು ಮತ್ತು ಆಮೇಲಿನ ಹತ್ತು ನಿಮಿಷದ ಕೂಡು ಮಾತಿನ ಉದ್ದಕ್ಕೂ ಬರೆದವರು ಬಾಯಿ ಬಿಡಬಾರದು, ಬರೆದುಕೊಳ್ಳಬೇಕು. 1936ರಲ್ಲಿ ಶುರುವಾದ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬರವಣಿಗೆ ಕಮ್ಮಟದಿಂದ ಹೆಸರಾದ ಪದ್ಧತಿ ಇದು. ಪುಸ್ತಕ ಓದುವವರ ಪಕ್ಕ ಕುಳಿತು ಲೇಖಕರು ವಿವರಣೆ ಕೊಡಲಾಗುವುದಿಲ್ಲ, ಹಾಗಾಗಿ ಕಾಗದದ ಮೇಲಿರುವುದು ತಾನಾಗಿ ನಿಲ್ಲುತ್ತದೆಯೇ ಎಂಬ ಪರೀಕ್ಷೆ ಇದರಿಂದ ಆಗುತ್ತದೆ. ಆದರೆ ಈ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಬಾರದು. ಗುಂಪಿನ ಉಳಿದವರಿಗೆ ಗೊತ್ತಿಲ್ಲದ ಮನೆತನ, ಕಸುಬು, ಆಚರಣೆ ಕಥೆಯಲ್ಲಿದ್ದರೆ ಮೌನದ ನಿಯಮ ಬರೆದವರ ಕೈಕಟ್ಟುತ್ತದೆ. ಉಳಿದವರು ತಮಗೆ ತಿಳಿಯದ್ದನ್ನೆಲ್ಲ ದೋಷವೆಂದು ಎಣಿಸುತ್ತಾರೆ. ಅಂಥಲ್ಲಿ ‘ಇದು ಹೀಗೆ ನಡೆಯುತ್ತದೆಯೇ?’ ಎಂಬ ನೇರ ಪ್ರಶ್ನೆಗೆ ಹೌದು, ಅಲ್ಲ ಎಂದು ಹೇಳಲು ಬಿಡಬೇಕು.

ಕೊನೆಯ ಹತ್ತು ನಿಮಿಷ ಬರೆದವರದು. ಅವರು ಹಸ್ತಪ್ರತಿ ಕಳಿಸುವಾಗಲೇ ಮೂರು ಪ್ರಶ್ನೆ ಬರೆದಿಟ್ಟುಕೊಂಡಿರಬೇಕು. ‘ಹೆಂಗ ಅನಿಸ್ತು?’ ಎಂಬುದು ಪ್ರಶ್ನೆಯಲ್ಲ. ‘ಮಗಳು ಮನೆ ಬಿಡುತ್ತಾಳೆಂದು ನಿಮಗೆ ಮೊದಲೇ ಯಾವ ಪುಟದಲ್ಲಿ ಗೊತ್ತಾಯಿತು?’ ಎಂಬುದು ಪ್ರಶ್ನೆ. ಉಳಿದ ಎರಡು ನಿಮಿಷದಲ್ಲಿ ಎಲ್ಲರೂ ತಮ್ಮ ಟಿಪ್ಪಣಿಯ ಪ್ರತಿಯನ್ನು ಬರೆದವರ ಕೈಗೆ ಮರಳಿಸುತ್ತಾರೆ.

ನಮ್ಮ ಭಾಗದ ಗುಂಪುಗಳಲ್ಲಿ ಅತಿ ಹೆಚ್ಚು ಕೆಲಸ ಕೇಳುವುದು ಆಡುಮಾತು. ಪಾತ್ರದ ಬಾಯಿಯ ಮಾತನ್ನು ಶಿಷ್ಟಕ್ಕೆ ತಿದ್ದುವ ಹಕ್ಕು ಯಾರಿಗೂ ಇಲ್ಲ, ಅದನ್ನು ಮೊದಲ ದಿನವೇ ಹೇಳಿಬಿಡಬೇಕು. ನೋಡಬೇಕಾದ್ದು ಅದು ಕೊನೆಯತನಕ ಒಂದೇ ಮನೆಯ ಮಾತಾಗಿ ಉಳಿದಿದೆಯೇ ಎಂಬುದನ್ನು. ಧಾರವಾಡದ ಒಂದೇ ಓಣಿಯಲ್ಲಿ ಒಂದು ಮನೆಯವರು ‘ಮಾಡಾಕ ಹತ್ತೇನಿ’ ಎಂದರೆ ಇನ್ನೊಂದು ಮನೆಯವರು ‘ಮಾಡ್ಲಿಕ್ಕೆ ಹತ್ತೇನಿ’ ಎನ್ನುತ್ತಾರೆ. ಒಬ್ಬರ ಬಾಯಲ್ಲಿ ‘ಐತಿ’, ಇನ್ನೊಬ್ಬರ ಬಾಯಲ್ಲಿ ‘ಅದ’. ಎರಡೂ ಸರಿ, ಆದರೆ 1ನೇ ಪುಟದಲ್ಲಿ ‘ಐತಿ’ ಎಂದ ಅವ್ವ 6ನೇ ಪುಟದಲ್ಲಿ ‘ಅದ’ ಎಂದರೆ ಅವ್ವ ಬದಲಾದಳೆಂದೇ ಈ ಭಾಗದ ಓದುಗರ ಕಿವಿ ಹೇಳುತ್ತದೆ. ನಿರೂಪಣೆ ಶಿಷ್ಟದಲ್ಲಿ ಹೊರಟು ನಡುವೆ ಕಾರಣವಿಲ್ಲದೆ ‘ಶಾಲೆ’ ‘ಸಾಲಿ’ಯಾಗುವುದೂ ಹಾಗೆಯೇ. ಬರೆಯುವವರು ಪ್ರತಿ ಮುಖ್ಯ ಪಾತ್ರಕ್ಕೂ ಹತ್ತು-ಹದಿನೈದು ಪದಗಳ ಪಟ್ಟಿ ಮಾಡಿ ಹಸ್ತಪ್ರತಿಯ ಕೊನೆಗೆ ಅಂಟಿಸಿದರೆ ಓದುವವರು ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು.

ಬೇರೆ ಬೇರೆ ಊರಿನ, ಬೇರೆ ಬೇರೆ ಕಸುಬಿನವರು ಗುಂಪಿನಲ್ಲಿರಬೇಕೆನ್ನುವುದು ಇದಕ್ಕೇ. ಎಲ್ಲರೂ ಕಾಲೇಜಿನ ಕನ್ನಡ ಅಧ್ಯಾಪಕರಾದರೆ ಎಲ್ಲರೂ ಒಂದೇ ತಪ್ಪನ್ನು ಬಿಡುತ್ತಾರೆ. ಗದಗ ಸೀಮೆಯ ಎರಿ ಹೊಲದಲ್ಲಿ ಶ್ರಾವಣದಲ್ಲಿ ಬಿಳಿಜೋಳ ತೆನೆ ತೂಗುತ್ತಿದೆ ಎಂದು ಯಾರೋ ಬರೆದರೆ ಒಕ್ಕಲಿಗರ ಮನೆಯವರೊಬ್ಬರು ಕೂಡಲೇ ಹಿಡಿಯುತ್ತಾರೆ: ಬಿಳಿಜೋಳ ಹಿಂಗಾರಿ ಬೆಳೆ, ಬಿತ್ತುವುದೇ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಶ್ರಾವಣದಲ್ಲಿ ಹೊಲದಲ್ಲಿರುವುದು ಹೆಸರು. ಹಾಗೆಯೇ ಬ್ಯಾಡಗಿ ಮೆಣಸಿನಕಾಯಿ ಅಂಗಳದಲ್ಲಿ ಕೆಂಪಗೆ ಹರಡಿದ್ದನ್ನು ನಾಗರಪಂಚಮಿಗೆ ತಂದಿಟ್ಟರೆ ಹಾವೇರಿಯ ಓದುಗರು ಅಲ್ಲಿಗೇ ಕಥೆಯ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ. ಅದರ ಹಂಗಾಮು ಸಂಕ್ರಾಂತಿಯ ಆಸುಪಾಸಿನಿಂದ ಬೇಸಿಗೆಯವರೆಗೆ.

ಕವಿತೆಗೆ ಇದೇ ಕ್ರಮ ಒಗ್ಗುವುದಿಲ್ಲ. ಕವಿತೆಯನ್ನು ಬರೆದವರು ಓದಬಾರದು, ಗುಂಪಿನ ಇನ್ನೊಬ್ಬರು ಓದಬೇಕು, ಎರಡು ಸಲ. ಓದುವವರು ಎಲ್ಲಿ ತಡವರಿಸುತ್ತಾರೆ, ಸಾಲು ಮುರಿದ ಕಡೆ ಉಸಿರು ನಿಲ್ಲಿಸುತ್ತಾರೋ ಮುಂದಕ್ಕೆ ಹೋಗುತ್ತಾರೋ ಎಂದು ಕವಿ ತನ್ನ ಪ್ರತಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಮೂರು ಪುಟದ ವಿಮರ್ಶೆಗಿಂತ ಆ ಗುರುತುಗಳು ಹೆಚ್ಚು ಹೇಳುತ್ತವೆ. ಯಾರಾದರೂ ಛಂದಸ್ಸಿನಲ್ಲಿ ಬರೆದು ತಂದರೆ ಲೆಕ್ಕ ಹಾಕಿಯೇ ನೋಡಬೇಕು. ಕುಮಾರವ್ಯಾಸನ ಗದುಗಿನ ನೆಲದಲ್ಲಿ ಭಾಮಿನಿ ಷಟ್ಪದಿ ಬರೆಯುವ ಆಸೆ ಹುಟ್ಟುವುದು ಸಹಜ. 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ಗಣ ಮೂರು-ನಾಲ್ಕರ ಜೋಡಿಯಲ್ಲಿ ಬರಬೇಕು. ಮೊತ್ತ ಸರಿಯಿದ್ದು ಗಣ ನಾಲ್ಕು-ಮೂರು ಆಗಿದ್ದರೆ ಕಿವಿಗೆ ಕುಂಟಿದಂತೆ ಕೇಳಿಸುತ್ತದೆ, ಏಕೆಂದು ಬರೆದವರಿಗೆ ತಿಳಿಯುವುದಿಲ್ಲ.

ಕಾದಂಬರಿಕಾರರಿಗೆ ಒಂದೇ ಮಾತು: ತಿದ್ದಿದ ಮೊದಲ ಅಧ್ಯಾಯವನ್ನು ಮತ್ತೆ ಮತ್ತೆ ತರಬೇಡಿ. ಹಾಗೆ ಮಾಡಿದವರ ಮೊದಲ ಅಧ್ಯಾಯ ಬಂಗಾರವಾಗುತ್ತದೆ, ಎಂಟನೆಯದು ಹುಟ್ಟುವುದೇ ಇಲ್ಲ. ಪ್ರತಿ ಸರದಿಗೆ ಹೊಸ ಅಧ್ಯಾಯ, ಜೊತೆಗೆ ಹಿಂದಿನದರ ಅರ್ಧ ಪುಟದ ಸಾರಾಂಶ. ಪೂರ್ತಿ ಮುಗಿದ ಮೇಲೆ ಒಂದು ತಿಂಗಳ ಅವಕಾಶ ಕೊಟ್ಟು ಇಡೀ ಬೈಠಕ್ಕನ್ನು ಅದಕ್ಕೇ ಮೀಸಲಿಡಬಹುದು.

ಇನ್ನು ಕೆಡುವುದು ಎಲ್ಲಿ ಎಂಬುದು. ಮೊದಲನೆಯದು ದಾಕ್ಷಿಣ್ಯ. ನಮ್ಮಲ್ಲಿ ಗುರು-ಶಿಷ್ಯರು, ಮೇಲಧಿಕಾರಿ-ಗುಮಾಸ್ತರು, ಬೀಗರು-ಬಿಜ್ಜರು ಒಂದೇ ಗುಂಪಿನಲ್ಲಿ ಕೂಡುವುದು ತಪ್ಪುವುದಿಲ್ಲ. ಹಿರಿಯರು ಮೊದಲು ಮಾತಾಡಿದರೆ ಉಳಿದವರೆಲ್ಲ ‘ಸರ್ ಹೇಳಿದ್ದು ಖರೇ ಐತ್ರಿ’ ಎನ್ನುತ್ತಾರೆ. ಅದಕ್ಕೆ ಎರಡು ಕಟ್ಟುಪಾಡು. ಎಲ್ಲರೂ ಅರ್ಧ ಪುಟ ಅಭಿಪ್ರಾಯವನ್ನು ಮನೆಯಲ್ಲೇ ಬರೆದು ತರಬೇಕು. ಮಾತಾಡುವುದು ಚಿಕ್ಕವರಿಂದ ಶುರುವಾಗಿ ಹಿರಿಯರಲ್ಲಿ ಮುಗಿಯಬೇಕು. ಬರೆದು ತಂದದ್ದನ್ನು ಎದುರಿಗೆ ಕುಳಿತವರ ಮುಖ ನೋಡಿ ಬದಲಾಯಿಸುವುದು ಕಷ್ಟ. ಹಿರಿಯರು ಇದನ್ನು ಅಗೌರವ ಎಂದು ತಿಳಿಯಬಾರದು, ಕೊನೆಗೆ ಮಾತಾಡುವವರಿಗೆ ಎಲ್ಲರ ಮಾತು ಕೇಳಿರುವ ಅನುಕೂಲವಿದೆ.

ಓದದೆ ಬಂದವರು ಬರಲಿ, ಕೇಳಲಿ, ಆದರೆ ಅಂದು ಮಾತಾಡಬಾರದು. ಕಾಗುಣಿತ, ಅಲ್ಪಪ್ರಾಣ-ಮಹಾಪ್ರಾಣ, ಅಕಾರ-ಹಕಾರದ ತಪ್ಪುಗಳನ್ನು ಪ್ರತಿಯ ಮೇಲೆ ಸುತ್ತು ಹಾಕಿ ಕೊಟ್ಟರೆ ಸಾಕು, ಬೈಠಕ್ಕಿನಲ್ಲಿ ಎತ್ತಬೇಕಿಲ್ಲ. ಎಡ-ಬಲದ ವಾದಕ್ಕೆ ಇಳಿದರೆ ಎರಡು ತಾಸೂ ಅದರಲ್ಲೇ ಮುಳುಗುತ್ತದೆ. ಹಾಗೆಂದು ಒಂದು ಸಮುದಾಯವನ್ನು ಹೀಗಳೆಯುವ ಸಾಲು ಕಂಡಾಗ ಸುಮ್ಮನಿರಬಾರದು. ಅದು ಪಾತ್ರದ ಮಾತೋ ಲೇಖಕರ ಮಾತೋ ಎಂದು ಸಾಲಿನ ಸಂಖ್ಯೆ ಹಿಡಿದು ಕೇಳಬೇಕು. ಹಲವು ಸಲ ಬರೆದವರಿಗೇ ಅದು ಗಮನಕ್ಕೆ ಬಂದಿರುವುದಿಲ್ಲ.

ಚರ್ಚೆಯನ್ನು ವಾಟ್ಸ್‌ಆ್ಯಪಿನಲ್ಲಿ ಮುಂದುವರಿಸಬೇಡಿ. ಮುಖ ಕಾಣದ ಜಾಗದಲ್ಲಿ ಟೀಕೆ ಇದ್ದುದಕ್ಕಿಂತ ಕಹಿಯಾಗಿ ಕೇಳಿಸುತ್ತದೆ. ಹಸ್ತಪ್ರತಿಯನ್ನು ಗುಂಪಿನ ಹೊರಗೆ ಯಾರಿಗೂ ಕಳಿಸಕೂಡದು. ಅನೇಕ ಕಥಾಸ್ಪರ್ಧೆಗಳು ಎಲ್ಲಿಯೂ, ಸಾಮಾಜಿಕ ಜಾಲತಾಣದಲ್ಲೂ, ಪ್ರಕಟವಾಗದ ಬರಹವನ್ನೇ ಕೇಳುತ್ತವೆ. ಉತ್ಸಾಹದಿಂದ ಯಾರೋ ಹಂಚಿದ ಒಂದು ಪಿಡಿಎಫ್ ಬರೆದವರ ಅವಕಾಶ ಕಳೆಯಬಹುದು. ಕಳವಿನ ಭಯವಿರುವವರಿಗೆ ತಿಳಿದಿರಲಿ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕೂಡಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಪ್ರತಿ ಹಸ್ತಪ್ರತಿಯ ಮೊದಲ ಪುಟದಲ್ಲಿ ಹೆಸರು, ತಾರೀಖು ಹಾಕಿ ಕಳಿಸಿದರೆ ಅದೇ ಒಂದು ಪುರಾವೆಯಾಗುತ್ತದೆ.

ಮನೆಗೆ ಹೋದ ಮೇಲೆ ಬರೆದವರು ಒಂದು ವಾರ ಹಸ್ತಪ್ರತಿ ಮುಟ್ಟದಿರುವುದು ಒಳ್ಳೆಯದು. ಆ ರಾತ್ರಿಯೇ ಕುಳಿತವರು ಐವರನ್ನೂ ಮೆಚ್ಚಿಸಲು ಹೋಗಿ ಕಥೆಯನ್ನು ಯಾರದ್ದೂ ಅಲ್ಲದಂತೆ ಮಾಡುತ್ತಾರೆ. ವಾರದ ಮೇಲೆ ಟಿಪ್ಪಣಿಗಳನ್ನು ಒಪ್ಪಿದ್ದು, ಒಪ್ಪದ್ದು, ಇನ್ನೂ ತಿಳಿಯದ್ದು ಎಂದು ಬೇರೆ ಮಾಡಿಟ್ಟುಕೊಂಡು ಒಪ್ಪಿದ್ದರಿಂದ ಶುರು ಮಾಡಬೇಕು. ಅದೇ ಬರಹವನ್ನು ಗುಂಪಿಗೆ ಇನ್ನೊಂದೇ ಸಲ ತರಬಹುದು. ಮೂರನೇ ಸಲಕ್ಕೆ ಎಲ್ಲರಿಗೂ ಕಥೆ ಬಾಯಿಪಾಠವಾಗಿರುತ್ತದೆ, ಇಲ್ಲದ್ದನ್ನೂ ಅವರೇ ತುಂಬಿಕೊಂಡು ಓದುತ್ತಾರೆ.

ಹೊತ್ತಿನ ವಿಷಯದಲ್ಲಿ ಒಂದು ಕಳಕಳಿಯ ವಿನಂತಿ. ಸಂಜೆ ಆರಕ್ಕೆ ಇಟ್ಟರೆ ಹೆಣ್ಣುಮಕ್ಕಳು ಬರುವುದಿಲ್ಲ, ಹಳ್ಳಿಯವರಿಗೆ ಕೊನೆಯ ಬಸ್ ತಪ್ಪುತ್ತದೆ, ಆಮೇಲೆ ‘ಹೆಣ್ಣುಮಕ್ಕಳು ಬರೀಲಿಕ್ಕೆ ಮುಂದ ಬರೂದಿಲ್ಲ’ ಎಂದು ವೇದಿಕೆಯಲ್ಲಿ ಭಾಷಣ ನಡೆಯುತ್ತದೆ. ಭಾನುವಾರ ಮಧ್ಯಾಹ್ನ 3ರಿಂದ 5 ಎಲ್ಲರಿಗೂ ಸಲ್ಲುವ ಹೊತ್ತು. ಹುಬ್ಬಳ್ಳಿ-ಧಾರವಾಡದವರಿಗೆ ಚಿಗರಿ ಬಸ್ ಇದೆ, ಒಂದು ಸಲ ಅಲ್ಲಿ, ಒಂದು ಸಲ ಇಲ್ಲಿ ಕೂಡಬಹುದು. ಮುಂಡರಗಿ, ಹಿರೇಕೆರೂರು, ರೋಣದಂಥ ಊರಿನವರು ಜಿಲ್ಲಾ ಕೇಂದ್ರದ ಹಾದಿ ಕಾಯದೆ ತಮ್ಮೂರಿನಲ್ಲೇ ನಾಲ್ವರನ್ನು ಹುಡುಕಿಕೊಳ್ಳುವುದು ಲೇಸು.

1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ ಹಿಡಿದು ತಾಲ್ಲೂಕಿನ ಸಾಹಿತ್ಯ ಪರಿಷತ್ತು, ಊರಿನ ಗ್ರಂಥಾಲಯದವರೆಗೆ ಎಲ್ಲರಲ್ಲಿಯೂ ಕೇಳುವುದು ಇಷ್ಟು: ತಿಂಗಳಿಗೆ ಎರಡು ಭಾನುವಾರ ಒಂದು ಕೋಣೆ, ದುಂಡಗೆ ಹಾಕಲು ಆರು ಕುರ್ಚಿ, ಒಂದು ಫ್ಯಾನು. ಮೈಕು, ಶಾಲು, ಹಾರ, ಅತಿಥಿಗಳ ಸ್ವಾಗತ ಯಾವುದೂ ಬೇಡ. ಅವು ಒಮ್ಮೆ ಒಳಗೆ ಬಂದರೆ ಹಸ್ತಪ್ರತಿಗೆ ಹೊತ್ತು ಉಳಿಯುವುದಿಲ್ಲ. ತಮ್ಮಲ್ಲಿ ಕೇಳುವುದೂ ಒಂದಿದೆ. ‘ಇಂದಿನ ಕಾರ್ಯಕ್ರಮ’ದಲ್ಲಿ ಬಿಡುಗಡೆ ಸಮಾರಂಭಗಳ ಕೆಳಗೆ ‘ಕರಡು ಓದು’ ಎಂದು ಒಂದು ಸಾಲು ತೆರೆದು, ಯಾವ ಊರು, ಯಾವ ಕೋಣೆ, ಎಷ್ಟು ಗಂಟೆಗೆ ಎಂದು ಹಾಕಿ. ಒಬ್ಬರೇ ಕುಳಿತು ಬರೆಯುತ್ತಿರುವವರಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ.

ತಮ್ಮ ವಿಶ್ವಾಸಿ,
ಕರಡು ಓದುಗರೊಬ್ಬರು, ಧಾರವಾಡ